ಕ್ಲಾರಿನೆಟ್‌ಗಾಗಿ ಇಳಿಸಿದ ಶ್ರುತಿ

ಊರಿಗೂರೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದ ವರ್ಷಗಳವು. ನಾನು ರಾಯದುರ್ಗದ ಜೀನ್ಸ್ ಘಟಕವೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ಅಲ್ಲಿಯ ಕಟಿಂಗ್ ಮಾಸ್ಟರ್ ಗುರುನಾಥ ಮದುವೆ ಬ್ಯಾಂಡನ್ನೂ ನಡೆಸುತ್ತಿದ್ದರು. ಅದರ ಐವರು ವಾದಕರೂ ಬಳ್ಳಾರಿ, ಬೆಂಗಳೂರು ಎಂದು ಚದುರಿದ್ದರಿಂದ ಒಟ್ಟಿಗೆ ಅಭ್ಯಾಸವೆಂಬುದೇ ಇರಲಿಲ್ಲ. ಒಬ್ಬೊಬ್ಬರಿಗೂ ಸ್ವರಲಿಪಿಯ ಪುಟ ಹೋಗುತ್ತಿತ್ತು. ಅದನ್ನು ಗುರುನಾಥ ಅಕ್ಷರಗಳಲ್ಲೇ ಟೈಪ್ ಮಾಡುತ್ತಿದ್ದರು. ಒಂದು ಸಾಫ್ಟ್‌ವೇರ್ ಅದನ್ನು ಸ್ವರಲಿಪಿಯಾಗಿ ಅಚ್ಚು ಮಾಡುತ್ತಿತ್ತು. ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಪುಟವೇ ಬರುತ್ತಿರಲಿಲ್ಲ. ಅದಕ್ಕೇ ಅವರು ಟೈಪ್ ಮಾಡುವ ಎಡಿಟರ್‌ನಲ್ಲಿ ಸ್ವರಗಳಿಗೆ ಬಣ್ಣ, ತಪ್ಪಿನ ಕೆಳಗೆ ಕೆಂಪು ಗೆರೆ ಬರುವಂತೆ ಮಾಡಿಕೊಟ್ಟಿದ್ದೆ.

ಮಡಕಶಿರದ ಒಂದು ಮದುವೆಗೆ ನಾನೂ ಹೋದೆ. ಮೆರವಣಿಗೆಗೆ ಮುಂಚೆ ಹಿರಿಯ ಕ್ಲಾರಿನೆಟ್ ವಾದಕ ಹನುಮಂತರಾಯಪ್ಪ ಗುರುನಾಥರನ್ನು ಪಕ್ಕಕ್ಕೆ ಕರೆದರು.

"ಹಲ್ಲು ಕೀಳ್ಸಿದ್ಮೇಲೆ ಮೇಲಿನ ಸ್ವರ ಸಿಗ್ತಾ ಇಲ್ಲ ಕಣಪ್ಪಾ. ಕೀಬೋರ್ಡ್‌ನೋನ್ನ ಕರ್ಸ್ಕ."

ಒಮ್ಮೆ ಕೀಬೋರ್ಡ್ ಬಂದರೆ ಅವರನ್ನು ಮತ್ತೆ ಯಾರೂ ಕರೆಯುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಯಾಕ ಹಂಗಂತೀರಿ? ಶ್ರುತಿ ಇಳಸ್ತೀನಿ. ನೀವ ಊದಬೇಕ್ರಿ," ಎಂದರು ಗುರುನಾಥ.

ಲ್ಯಾಪ್‌ಟಾಪ್‌ನಲ್ಲಿ ತಿದ್ದಿ, ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹೊಸ ಪುಟಗಳನ್ನು ತೆಗೆಸಿದರು. ಕಲ್ಯಾಣ ಮಂಟಪದ ಹಿಂದೆ ನುಡಿಸಿ ನೋಡಿದರೆ ಕಿವಿ ಮುಚ್ಚಿಕೊಳ್ಳಬೇಕು! ಕ್ಲಾರಿನೆಟ್ ಒಂದೇ ಇಳಿದಿತ್ತು. ಉಳಿದ ವಾದ್ಯಗಳೆಲ್ಲ ಹಳೆಯ ಶ್ರುತಿಯಲ್ಲೇ ಇದ್ದವು.

ಗುರುನಾಥ ಪ್ರತಿ ಹಾಡನ್ನೂ ಪ್ರತಿ ವಾದ್ಯದ ಕಡತಕ್ಕೆ ನಕಲು ಮಾಡಿಟ್ಟು, ಪಟ್ಟಿಯ ಮೇಲಿದ್ದ ಕ್ಲಾರಿನೆಟ್ ಕಡತವನ್ನು ಮಾತ್ರ ತಿದ್ದಿದ್ದರು.

"ಮೇಡಂ, ಮ್ಯಾಲಿನ ಪದರ ಕತ್ತರಿಸಿದ್ರ ಕೆಳಗಿನವೂ ಕತ್ತರಿಸಬೇಕಲ್ರಿ?"

ಬಟ್ಟೆಯನ್ನು ಥಾನುಗಟ್ಟಲೆ ಒಟ್ಟಿ ಒಂದೇ ಏಟಿಗೆ ಕತ್ತರಿಸುವ ಕೈ ಅದು, ಹಾಗೆಂದುಕೊಂಡದ್ದು ಸಹಜವೇ. ಪ್ರತಿ ಪುಟವೂ ತನ್ನಷ್ಟಕ್ಕೆ ಸರಿಯಿದ್ದುದರಿಂದ ಕೆಂಪು ಗೆರೆಯೂ ಬಂದಿರಲಿಲ್ಲ. ಅಷ್ಟರಲ್ಲಿ ಮದುಮಗನ ಕಾರು ಬಂತು. ಹನುಮಂತರಾಯಪ್ಪ ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಯಲ್ಲಿಡತೊಡಗಿದರು.

"ತಡೀರಿ!" ಎಂದು ಕೂಗಿಯೇಬಿಟ್ಟೆ.

ಜನರೇಟರ್ ಗಾಡಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಹಾಡಿನ ಶ್ರುತಿ ಬದಲಾದರೆ ಅದೇ ಹಾಡಿನ ಎಲ್ಲ ಕಡತಗಳಲ್ಲೂ ಬದಲಾಗುವಂತೆ ಎಡಿಟರ್‌ಗೆ ಒಂದು ಕಮಾಂಡ್ ಬರೆದೆ. ಮೊದಲ ಸಲ ಸ್ಯಾಕ್ಸೊಫೋನ್ ಪುಟ ತಪ್ಪಿಸಿಕೊಂಡಿತು. ಮದುಮಗನ ಮಾವ ಬಂದು "ಬ್ಯಾಂಡ್ ಐತಾ ಇಲ್ವಾ?" ಎಂದು ಗದರಿದರು. ಎರಡನೇ ಸಲ ಎಲ್ಲವೂ ಇಳಿದವು. ಗುರುನಾಥ ಪುಟಗಳಿಗಾಗಿ ಓಡಿದರು.

ಉಪಕರಣ ಕಟ್ಟುವವರು ತಪ್ಪು ಹುಡುಕಿಕೊಟ್ಟರೆ ಸಾಲದು, ಬಳಸುವವರ ಕೈ ಯಾವ ಕಸುಬಿನಲ್ಲಿ ಪಳಗಿದೆಯೆಂದು ಮೊದಲು ನೋಡಬೇಕು. ಈ ಬುದ್ಧಿ ನನಗೆ ಬಂದದ್ದು ಅಂದೇ. ಮೆರವಣಿಗೆ ಹೊರಟಾಗ ಐವರೂ ತಗ್ಗಿದ ಶ್ರುತಿಯಲ್ಲೇ ನುಡಿಸಿದರು. ಮುಂದೆ ನಡೆಯುತ್ತಿದ್ದವರು ಹನುಮಂತರಾಯಪ್ಪ.