ಚಿಲಕ ತೆಗೆದವರು

ಕಾರ್ಕಳದ ಮೂಕಾಂಬಿಕಾ ಟೀಚರ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ‘ರಿಕೌಂಟ್’ ಎಂಬ ಪದಕ್ಕೆ ಮಕ್ಕಳು ‘ಮತ್ತೆ ಎಣಿಸುವುದು’ ಎಂದೇ ಬರೆಯುತ್ತಿದ್ದರು.

“ವೋಟಿನ ವಿಷಯದಲ್ಲಿ ಅದು ಸರಿ. ಕತೆಯಲ್ಲಿ ಅಲ್ಲ. ನಡೆದದ್ದನ್ನು ನಡೆದ ಹಾಗೆ, ಒಂದಾದ ಮೇಲೆ ಒಂದು ಹೇಳುವುದು. ಅದರ ಬೆನ್ನಿಗೆ ‘ಅಬೌಟ್’ ಸೇರಿಸಬೇಡಿ ಮಾರಾಯ್ರೆ!” ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ, ಮನೆಯಲ್ಲಿ ಒಬ್ಬರೇ ಇದ್ದಾಗ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಮಾತು ನಿಂತಿತು. ಬೇರೆಯವರು ಆಡಿದ್ದೆಲ್ಲ ಅರ್ಥವಾಗುತ್ತಿತ್ತು. ತಾವು ಹೇಳಹೊರಟರೆ ಪದ ಸಿಗುತ್ತಿರಲಿಲ್ಲ.

ನೋಡಲು ಬಂದವರಿಗೆಲ್ಲ ಮಗಳು ಮೇಧಾ ಹೇಳುತ್ತಿದ್ದಳು: “ಪಕ್ಕದ ಮನೆಯ ಆಲಿಸ್ ಬಾಯಿ ಕರಿಬೇವು ಕೇಳಲು ಬಂದರು. ಅದೃಷ್ಟಕ್ಕೆ ಬಾಗಿಲು ತೆರೆದೇ ಇತ್ತು.”

ಟೀಚರ್ ಪ್ರತಿಸಲವೂ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದರು. ಅಮ್ಮನಿಗೆ ಸುಸ್ತಾಯಿತೆಂದು ಮೇಧಾ ದಿಂಬು ಸರಿಮಾಡುತ್ತಿದ್ದಳು.

ಮಾತಿನ ಚಿಕಿತ್ಸೆಗೆ ಮಣಿಪಾಲಕ್ಕೆ ಹೋಗತೊಡಗಿದರು. ಅಲ್ಲಿ ಚಿಕಿತ್ಸೆ ಕೊಡುವ ಹುಡುಗಿ ಚೈತಾಲಿ ಕೇಳಿದಳು, “ಬೆಳಿಗ್ಗೆಯಿಂದ ಎಂತ ಎಲ್ಲ ಆಯಿತು ಟೀಚರ್?”

“ಬಸ್ಸು...”

“ಬಸ್ಸಿನಲ್ಲಿ ತುಂಬಾ ರಶ್ ಇತ್ತು,” ಎಂದಳು ಮೇಧಾ.

ಟೀಚರ್ ಎಡಗೈಯಿಂದ ಮಗಳ ಬಾಯಿ ಮುಚ್ಚಿದರು. ಚೈತಾಲಿಗೆ ನಗು ಬಂತು. “ಅವರೇ ಹೇಳಲಿ, ಅಲ್ವಾ?”

“ರಿ... ಕೌಂಟ್,” ಎಂದರು ಟೀಚರ್, ಬೆವರುತ್ತಾ.

ಅಂದಿನಿಂದ ಅವರು ಒಂದು ದಿನವೂ ಬಿಡಲಿಲ್ಲ. ಕನ್ನಡಿಯೆದುರು ಕುಳಿತು ಬೆಳಗಿನ ಕೆಲಸಗಳನ್ನೆಲ್ಲ ಕ್ರಮವಾಗಿ ಹೇಳುತ್ತಿದ್ದರು. ‘ದೋಸೆ’ಯ ಬದಲು ‘ಕುರ್ಚಿ’ ಬಾಯಿಗೆ ಬಂದರೆ ಕಣ್ಣು ತುಂಬುತ್ತಿತ್ತು. ಒರೆಸಿಕೊಂಡು ಮೊದಲಿನಿಂದ ಶುರುಮಾಡುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಕಾಪುವಿನಿಂದ ಟೀಚರ್ ಅವರ ಭಾವ ಅನಂತಪದ್ಮನಾಭ ಬಂದರು. ಮೇಧಾ ಎಂದಿನಂತೆ ಹೇಳುತ್ತಾ “ಅದೃಷ್ಟಕ್ಕೆ ಬಾಗಿಲು...” ಎನ್ನುವಷ್ಟರಲ್ಲಿ ಟೀಚರ್ ಕೈಯೆತ್ತಿದರು.

“ಅಲ್ಲ. ಬಾಗಿಲು... ಹಾಕಿತ್ತು. ನಾನು ಬಿದ್ದೆ. ಎದ್ದು... ಅಲ್ಲ, ಅಲ್ಲ. ತೆವಳಿದೆ. ಎಡಗೈ. ಕೆಳಗಿನ...”

ಪದ ಸಿಗಲಿಲ್ಲ. ಮೇಧಾ ಹೇಳಲು ಬಾಯಿ ತೆರೆದವಳು ತಡೆದುಕೊಂಡಳು.

“ಚಿಲಕ. ನಾನು... ತೆಗೆದೆ. ಆಮೇಲೆ ಆಲಿಸ್ ಬಂದದ್ದು.”

ಚಿಲಕ ಹಾಕಿಯೇ ಇದ್ದಿದ್ದರೆ, ಕರೆದರೂ ಉತ್ತರ ಬಾರದೆ ಆಲಿಸ್ ಬಾಯಿ ಮನೆಯಲ್ಲಿ ಯಾರೂ ಇಲ್ಲವೆಂದು ಮರಳಿಬಿಡುತ್ತಿದ್ದರು. ಇದು ಹೊಳೆದದ್ದೇ ಮೇಧಾ ತಾಯಿಯ ಎಡಗೈ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟಳು.

ಮರುವಾರ ಶಿರ್ವದಿಂದ ಹಳೆಯ ಸಹೋದ್ಯೋಗಿ ಕಾನ್ಸೆಪ್ಟಾ ಬಂದರು. ಮೇಧಾ ಅವರಿಗೆ ಕುರ್ಚಿ ಹಾಕಿ, “ಆ ದಿನ ಎಂತ ಆಯಿತೆಂದು ಅಮ್ಮನೇ ಹೇಳ್ತಾರೆ,” ಎಂದು ಚಹಾ ಮಾಡಲು ಒಳಗೆ ಹೋದಳು.