ಶೋಕೇಸಿನಲ್ಲಿ ಕೂತ ಸೆನ್ಸರ್

ಕೇರಳದ ಉಳ್ಳೂರಿನಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದಾಗ ಮನೆಯೊಡತಿ ನನ್ನ ಸಂಬಳ ಎಷ್ಟೆಂದು ಕೇಳಲಿಲ್ಲ, ಮದುವೆ ಯಾಕಾಗಿಲ್ಲ ಎಂದೂ ಕೇಳಲಿಲ್ಲ. ಕಾರು ಓಡಿಸಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಮೈಸೂರಿನಲ್ಲಿ ಕಲಿಯುವಾಗ ಪಕ್ಕದ ಮನೆಯ ಗೇಟು ಬೀಳಿಸಿದ್ದನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಹಾಗೆ ಮಹಡಿಯ ಎರಡು ಕೋಣೆಗಳ ಜೊತೆಗೆ ಕೆಳಗಿನ ಶೆಡ್ಡಿನಲ್ಲಿದ್ದ ಬೂದಿ ಬಣ್ಣದ ಕಾರಿನ ಕೀ ಕೂಡ ನನ್ನ ಕೈಗೆ ಬಂತು.

ಅವರು ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು. ಕೇರಳದಲ್ಲಿ ಒಮ್ಮೆ ಟೀಚರಾದರೆ ಮುಗಿಯಿತು, ಮೀನಿನವಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಅವರು ಟೀಚರೇ. ನಾನೂ ಹಾಗೇ ಕರೆದೆ. ಮದುವೆ ಮಾಡಿಕೊಂಡಿರಲಿಲ್ಲ. ಇದ್ದೊಬ್ಬ ತಮ್ಮನನ್ನು ಓದಿಸಿ ಎಂಜಿನಿಯರ್ ಮಾಡಿದ್ದರು. ಆ ತಮ್ಮ ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿಕೊಂಡು ಅಂಬಲಮುಗಳ್‌ನ ರಿಫೈನರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಹೊಸ ಕಾರು ಕೊಂಡಾಗ ಹಳೆಯದನ್ನು ತಂದು ಅಕ್ಕನ ಶೆಡ್ಡಿನಲ್ಲಿ ಬಿಟ್ಟಿದ್ದರು. ಕಾಗದದ ಮೇಲೆ ಅದು ಇನ್ನೂ ತಮ್ಮನ ಕಾರೇ.

ಟೀಚರಿಗೆ ಮಂಡಿನೋವು, ಬಸ್ಸು ಹತ್ತಲಾಗುತ್ತಿರಲಿಲ್ಲ. ಭಾನುವಾರ ಸಂಜೆ ನಾನು ಅವರನ್ನು ಶಂಖುಮುಗಂ ಕಡಲತೀರಕ್ಕೆ ಕರೆದುಕೊಂಡು ಹೋಗಬೇಕು, ಅದೇ ನಮ್ಮ ಕರಾರು. ಅವರು ಕಾರಿನಿಂದ ಇಳಿಯುತ್ತಿರಲಿಲ್ಲ. ಕಿಟಕಿಯ ಗಾಜು ಇಳಿಸಿ, ಫ್ಲಾಸ್ಕಿನ ಚಹಾ ಕುಡಿಯುತ್ತಾ, ಕತ್ತಲಾಗುವವರೆಗೆ ಸುಮ್ಮನೆ ಕಡಲು ನೋಡುತ್ತಿದ್ದರು. ಆಟೋದಲ್ಲೂ ಬರಬಹುದಲ್ಲ ಎಂದು ಒಮ್ಮೆ ಬಾಯಿ ಹಾಕಿದೆ. ಅವರ ಮಲಯಾಳವನ್ನು ನನ್ನ ಮೈಸೂರು ಕನ್ನಡದಲ್ಲೇ ಹೇಳುತ್ತೇನೆ: "ಆಟೋದವನನ್ನ ಕಾಯಿಸಿಟ್ಟುಕೊಂಡು ಕಡಲು ನೋಡೋಕಾಗುತ್ತಾ, ಮೋಳೇ?" ಮೋಳೇ ಅಂದರೆ ಮಗಳೇ. ಹಾಗೆ ಕರೆದವರ ಜೊತೆ ವಾದ ಮಾಡುವುದು ಕಷ್ಟ.

ಹೀಗಿರುವಾಗ ಕಾರು ಕೈ ಕೊಡಲು ಶುರುಮಾಡಿತು. ತಣ್ಣಗಿದ್ದಾಗ ಮಗುವಿನ ಹಾಗೆ ಓಡುವುದು, ಎಂಜಿನ್ ಬಿಸಿಯಾಯಿತೋ ನಡುರಸ್ತೆಯಲ್ಲಿ ನಿಂತುಬಿಡುವುದು. ಆಮೇಲೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಎನ್ನುವಂತೆ ಮತ್ತೆ ಸ್ಟಾರ್ಟ್. ಆಫ್ ಮಾಡಿ ಆನ್ ಮಾಡು ಎಂದು ನನ್ನ ಆಫೀಸಿನ ಮಹಾನುಭಾವರೆಲ್ಲ ಸಲಹೆ ಕೊಟ್ಟರು, ಅವರಿಗೆ ಗೊತ್ತಿದ್ದ ರಿಪೇರಿ ಅದೊಂದೇ. ಉಳ್ಳೂರ್ ಜಂಕ್ಷನ್ನಿನಲ್ಲಿ ಹಿಂದಿನಿಂದ ಆಂಬುಲೆನ್ಸ್ ಕೂಗುತ್ತಿರುವಾಗ ಕಾರು ನಿಂತರೆ ಹೇಗಿರುತ್ತದೆ ಎಂದು ಅವರಿಗೇನು ಗೊತ್ತು? ನನಗೋ ಕೋಪ ಮೂಗಿನ ತುದಿಯಲ್ಲೇ. ಇಳಿದು ಟೈರಿಗೆ ಒದ್ದು, ಬಾಯಿಗೆ ಬಂದಂತೆ ಕನ್ನಡದಲ್ಲಿ ಬೈಯುತ್ತಿದ್ದೆ. ಟೀಚರ್ ಮಾತ್ರ ಒಳಗೆ ಕೂತು, ತಳ್ಳಲು ಬಂದವರಿಗೆ ಎಡಕ್ಕೆ, ಬಲಕ್ಕೆ ಎಂದು ನಿರ್ದೇಶನ ಕೊಡುತ್ತಿದ್ದರು. ಅವರಲ್ಲಿ ಒಬ್ಬನಾದರೂ ಅವರ ಹಳೆಯ ವಿದ್ಯಾರ್ಥಿಯಾಗಿರುತ್ತಿದ್ದ.

ಮೆಕ್ಯಾನಿಕ್ ಮೊದಲು ಪ್ಲಗ್ ಬದಲಾಯಿಸಿದ, ಆಮೇಲೆ ಪೆಟ್ರೋಲ್ ಪಂಪು ಬಿಚ್ಚಿ ಜೋಡಿಸಿದ, ಕೊನೆಗೆ ತಲೆ ಕೆರೆದುಕೊಂಡು ಕ್ರ್ಯಾಂಕ್ ಸೆನ್ಸರ್ ಹೋಗಿದೆ ಎಂದ. ಹೆಬ್ಬೆರಳಿನಷ್ಟು ದಪ್ಪದ ಕರಿ ಪ್ಲಾಸ್ಟಿಕ್, ಅದಕ್ಕೊಂದು ವೈರಿನ ಬಾಲ. ಎಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಬಿಸಿಯಾದಾಗ ಅದು ಬಾಯಿ ಮುಚ್ಚಿಕೊಳ್ಳುತ್ತಿತ್ತು, ಎಂಜಿನ್ ತಿರುಗುತ್ತಲೇ ಇಲ್ಲ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿಬಿಡುತ್ತಿತ್ತು. ಹೊಸದು ಹಾಕಿದರೆ ಸರಿ, ಆದರೆ ಆ ಕಾರು ಮಾಡುತ್ತಿದ್ದ ಕಂಪನಿ ಭಾರತದಿಂದ ಗಂಟುಮೂಟೆ ಕಟ್ಟಿ ಎಷ್ಟೋ ಕಾಲವಾಗಿತ್ತು.

ಆಫೀಸಿನ ಕೆಲಸಕ್ಕೆ ಕೊಚ್ಚಿಗೆ ಹೋದಾಗಲೆಲ್ಲ ನಾನು ಆ ಕೆಟ್ಟ ಸೆನ್ಸರಿನ ಫೋಟೋ ಹಿಡಿದುಕೊಂಡು ಬಿಡಿಭಾಗದ ಅಂಗಡಿಗಳನ್ನು ಸುತ್ತಿದೆ. ಕಳೆದುಹೋದ ಮಗುವನ್ನು ಹುಡುಕುವವಳಂತೆ ಫೋಟೋ ತೋರಿಸಿದ್ದೇ ತೋರಿಸಿದ್ದು. ಕಾರಿನ ಹೆಸರು ಕೇಳಿಯೇ ಕೆಲವರು ನಕ್ಕರು. ಒಬ್ಬ ಪುಣ್ಯಾತ್ಮ ಇದೇ ಅದು ಎಂದು ಆಣೆ ಹಾಕಿ ಒಂದನ್ನು ಕೊಟ್ಟ. ಖುಷಿಯಿಂದ ತಂದೆ, ಕೂಡಿಸಿ ನೋಡಿದರೆ ವೈರು ಒಂದು ಗೇಣು ಗಿಡ್ಡ.

ಅಷ್ಟರಲ್ಲಿ ಟೀಚರಿಗೆ ತಮ್ಮನ ಫೋನು ಬಂತು. ಅಕ್ಕನ ಕಾರು ನಡುರಸ್ತೆಯಲ್ಲಿ ನಿಂತಿತ್ತೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಓಣಂಗೆ ಬಂದಾಗ ಕಾರು ಮಾರಿಬಿಡುತ್ತೇನೆ, ಕೊಳ್ಳುವವರು ಸಿಕ್ಕಿದ್ದಾರೆ ಎಂದರಂತೆ. ಟೀಚರ್ ಸರಿ ಎಂದು ಫೋನಿಟ್ಟರು. ಆ ಭಾನುವಾರ ಕಡಲತೀರಕ್ಕೆ ಹೊರಡುವಾಗ ಸುಮ್ಮನೆ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದರು. ನನಗೆ ಸಂಕಟವಾಯಿತು. ಕಾರು ಹೋದರೆ ಅವರ ಪ್ರಪಂಚ ಗೇಟಿನವರೆಗೆ ಮಾತ್ರ.

ತಮ್ಮನನ್ನೇ ಕೇಳಬಾರದೇ, ರಿಫೈನರಿಯಲ್ಲಿ ದಿನವಿಡೀ ಸೆನ್ಸರುಗಳ ಜೊತೆ ಏಗುವವರಲ್ಲವೇ, ಎಲ್ಲಿಂದಾದರೂ ತರಿಸಿಯಾರು ಎಂದೆ. ಟೀಚರ್ ಸೊಪ್ಪು ಹಾಕಲಿಲ್ಲ. ಅವನ ಹತ್ತಿರ ಏನೂ ಕೇಳಿ ನನಗೆ ಅಭ್ಯಾಸವಿಲ್ಲ ಎಂದು ಮಾತು ಮುಗಿಸಿದರು.

ಬದಲಿಗೆ ಶಾರ್ಜಾದಲ್ಲಿದ್ದ ಸೋದರಸಂಬಂಧಿಗೆ ಗುಟ್ಟಾಗಿ ಫೋನು ಮಾಡಿದರು. ಅಲ್ಲಿನ ಹಳೇ ಕಾರುಗಳ ಅಂಗಡಿಗಳಲ್ಲಿ ಆ ಮಾಡೆಲಿನ ಸಾಮಾನು ಬೇಕಾದಷ್ಟು ಸಿಗುತ್ತಿತ್ತು. ಆತ ಓಣಂ ರಜೆಗೆ ಬರುವಾಗ ತರುತ್ತೇನೆಂದ. ಅವನ ಮನೆಯೂ ತ್ರಿಪ್ಪುಣಿತ್ತುರದಲ್ಲೇ, ತಮ್ಮನ ಮನೆಯಿಂದ ಎರಡು ಬೀದಿ ಆಚೆ. ತಮ್ಮನಿಗೆ ಮಾತ್ರ ಹೇಳಕೂಡದು ಎಂದು ಟೀಚರ್ ಮತ್ತೆ ಮತ್ತೆ ಹೇಳಿದ್ದರು. ಆತ ಬಂದ ಸುದ್ದಿ ತಿಳಿದ ಮೇಲೆ ನನಗೆ ರಜೆ ಸಿಕ್ಕ ಮೊದಲ ಭಾನುವಾರ ನಾವಿಬ್ಬರೂ ಬೆಳಗಿನ ರೈಲು ಹತ್ತಿದೆವು.

ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಸಂಗತಿ ಗಲ್ಫ್ ಪೆಟ್ಟಿಗೆ. ಗಲ್ಫಿನಿಂದ ಬಂದವರ ಪೆಟ್ಟಿಗೆಯನ್ನು ನೆಂಟರೆಲ್ಲರ ಎದುರಿಗೇ ಬಿಚ್ಚಬೇಕು. ಸೆಂಟು, ಸೋಪು, ಹಾಲಿನ ಪುಡಿ, ಟಾರ್ಚು, ಪ್ರತಿಯೊಂದೂ ಯಾರಿಗೋ ಸೇರಬೇಕು. ಹಂಚುವುದು ಮನೆಯ ಹೆಂಗಸಿನ ಹಕ್ಕು. ಕೊಟ್ಟದ್ದನ್ನು ವಾಪಸ್ ಕೇಳುವುದೆಂದರೆ ಮೂರು ತಲೆಮಾರಿನ ಮುನಿಸು. ಸೋದರಸಂಬಂಧಿ ಪ್ರಯಾಣದ ಸುಸ್ತಿನಲ್ಲಿ ಮಲಗಿದ್ದಾಗ ಅವನ ಹೆಂಡತಿ ಎಲ್ಲವನ್ನೂ ಹಂಚಿ ಮುಗಿಸಿದ್ದಳು. ವೈರಿನ ಬಾಲವಿದ್ದ ಕರಿ ಸಾಮಾನು ನೋಡಿ, ಇಂಥದ್ದು ರಿಫೈನರಿಯವರಿಗಲ್ಲದೆ ಇನ್ಯಾರಿಗೆ ಎಂದು ಟೀಚರ ತಮ್ಮನ ಕೈಗೇ ಕೊಟ್ಟುಬಿಟ್ಟಿದ್ದಳು. ನಾವು ಅವರ ಮನೆ ತಲುಪಿದಾಗ ಅವಳೇ ಇದನ್ನು ಹೇಳಿದಳು, ಅವಳ ಗಂಡ ಗೋಡೆ ನೋಡುತ್ತಾ ನಿಂತಿದ್ದ. ಒಳ್ಳೇ ಕತೆಯಾಯಿತಲ್ಲ ಎಂದು ನಾನು ಕನ್ನಡದಲ್ಲೇ ಗೊಣಗಿದೆ.

ಊರಿಗೆ ಬಂದು ತಮ್ಮನ ಮನೆಗೆ ಹೋಗದೆ ಇರುವಂತಿಲ್ಲ. ಹೋದೆವು. ತಮ್ಮ ಪೇಟೆಗೆ ಹೋಗಿದ್ದರು, ಅವರ ಹೆಂಡತಿ ನಡುಮನೆಯಲ್ಲಿ ಕೂರಿಸಿದರು. ಎದುರಿಗೇ ಗಾಜಿನ ಶೋಕೇಸು. ಮೇಲಿನ ಖಾನೆಯಲ್ಲಿ ಸೆಂಟಿನ ಬಾಟಲಿಗಳು, ಗಾಜಿನ ಹಂಸ, ಪುಟ್ಟ ಕಾಫಿ ಕಪ್ಪುಗಳು. ನಡುವೆ ತನ್ನ ಡಬ್ಬಿಯ ಮೇಲೆ ದೇವರ ಹಾಗೆ ಕೂತಿತ್ತು ನಮ್ಮ ಸೆನ್ಸರ್. ಇದೇನೆಂದು ಕೇಳಿದ್ದಕ್ಕೆ, ಗೊತ್ತಿಲ್ಲ, ಯಾರೂ ಮುಟ್ಟಬಾರದು ಅಂದಿದ್ದಾರೆ ಎಂದು ಹೇಳಿ ಆಕೆ ಊಟಕ್ಕೆ ಅಣಿ ಮಾಡಲು ಒಳಗೆ ಹೋದರು.

ನಾನು ಟೀಚರ ಮುಖ ನೋಡಿದೆ. ಅವರು ಹಂಸ ನೋಡುತ್ತಿದ್ದರು. ಕೇಳಿಬಿಡಿ ಎಂದು ಪಿಸುಗುಟ್ಟಿದೆ. ತಲೆ ಅಲ್ಲಾಡಿಸಿದರು. ಹಾಗಾದರೆ ನನ್ನ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ ಎಂದೆ. ಅದಕ್ಕೆ ಅವರು ತಲೆ ಅಲ್ಲಾಡಿಸಲಿಲ್ಲ. ಶೋಕೇಸಿನ ಬಾಗಿಲು ಸರಿಸಿ ಕೈ ಒಳಗೆ ಹಾಕಿದ್ದೆ, ಗೇಟಿನ ಸದ್ದಾಯಿತು. ಹಂಸವನ್ನು ಎತ್ತಿಕೊಂಡು ಬಹಳ ಚೆನ್ನಾಗಿದೆ ಎಂದೆ.

ಊಟಕ್ಕೆ ಕೂತೆವು. ಅಕ್ಕನ ಎಲೆಗೆ ತಮ್ಮನೇ ಅವಿಯಲ್ ಬಡಿಸುತ್ತಾ ಕಾರು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದರು ಟೀಚರ್. ಈಗ ನಿಲ್ಲುವುದಿಲ್ಲವೇ? ಇಲ್ಲ. ಏನೂ ಬೇಕಾಗಿಲ್ಲವೇ? ಏನೂ ಇಲ್ಲ. ಸರಿ, ಕೊಳ್ಳುವವರಿಗೆ ಮುಂದಿನ ವಾರ ಬರಲು ಹೇಳುತ್ತೇನೆ ಎಂದರು ತಮ್ಮ. ಟೀಚರ್ ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನನ್ನ ಹರಕುಮುರುಕು ಮಲಯಾಳದಲ್ಲಿ, ನಿಮ್ಮ ಶೋಕೇಸಿನಲ್ಲಿರುವುದು ಆ ಕಾರಿನ ಸಾಮಾನು, ಅದಕ್ಕಾಗಿಯೇ ಬಂದಿದ್ದೇವೆ, ಈ ಮಂಡಿ ಹೊತ್ತುಕೊಂಡು ಇವರು ರೈಲು ಹತ್ತಿ ಇಳಿದಿದ್ದಾರೆ ಎಂದು ಒದರಿಬಿಟ್ಟೆ.

ತಮ್ಮ ಎದ್ದು ಕೈ ತೊಳೆದು, ಶೋಕೇಸಿನಿಂದ ಸೆನ್ಸರ್ ತಂದು ಕೈಯಲ್ಲಿ ಹಿಡಿದು ನಿಂತರು.

"ಚೋದಿಚ್ಚಾಲ್ ಪೋರಾಯಿರುನ್ನೋ, ಚೇಚೀ?"

ಕೇಳಿದ್ದರೆ ಸಾಕಿತ್ತಲ್ಲ ಅಕ್ಕ, ಅಂತ. ಆಮೇಲೆ ಒಂದೇ ಉಸಿರಿಗೆ ಹೇಳಿದರು. ಪೆಟ್ಟಿಗೆ ಬಿಚ್ಚಿದ ದಿನವೇ ಅವರಿಗೆ ಇದು ಯಾವ ಕಾರಿನದೆಂದು ಗೊತ್ತಾಗಿತ್ತು. ಅಕ್ಕನ ಫೋನು ಬರುತ್ತದೆ ಎಂದು ದಿನಾ ಕಾದಿದ್ದರು. ಕೊಳ್ಳುವವರು ಯಾರೂ ಇರಲಿಲ್ಲ, ಮಾರುತ್ತೇನೆ ಅಂದರಾದರೂ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದರಂತೆ.

"ನನ್ನ ಓದಿಸಿದೆ, ಬೆಳೆಸಿದೆ. ಒಂದು ಲೋಟ ನೀರು ಕೊಡು ಅಂತ ಇವತ್ತಿನವರೆಗೆ ನನ್ನ ಕೇಳಿಲ್ಲ ನೀನು. ನಾನೇನು ಹೊರಗಿನವನಾ?"

ಇಬ್ಬರಿಗೂ ಎರಡು ಬಾರಿಸಬೇಕು ಎನಿಸಿತು ನನಗೆ. ತಮ್ಮನ ಹೆಂಡತಿ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಟೀಚರ್ ಎಲೆಯಿಂದ ತಲೆ ಎತ್ತಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಕ್ಲಾಸಿನ ದನಿಯೇ.

"ಲೋ, ಮೊದಲು ಒಂದು ಲೋಟ ನೀರು ಕೊಡು."

ಅಷ್ಟು ದೊಡ್ಡ ಎಂಜಿನಿಯರ್ ಅಡುಗೆಮನೆಗೆ ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಲೋಟ ತಂದಿಡುವಾಗ ಅರ್ಧ ನೀರು ಮೇಜಿನ ಮೇಲೆ ಚೆಲ್ಲಿದರು. ಟೀಚರ್ ಉಳಿದದ್ದನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಈಗ ಅದನ್ನ ಕೊಡು ಎಂದು ಕೈ ಚಾಚಿದರು.

ಮುಂದಿನ ಭಾನುವಾರ ತಮ್ಮ ಉಳ್ಳೂರಿಗೆ ಬಂದು, ಮೆಕ್ಯಾನಿಕ್‌ನನ್ನು ಪಕ್ಕಕ್ಕೆ ಸರಿಸಿ, ತಾವೇ ಕಾರಿನಡಿ ಮಲಗಿ ಸೆನ್ಸರ್ ಹಾಕಿದರು. ಸಂಜೆ ಮೂವರೂ ಶಂಖುಮುಗಂಗೆ ಹೋದೆವು. ಕಾರು ಎಲ್ಲೂ ನಿಲ್ಲಲಿಲ್ಲ. ಟೀಚರ್ ತಮ್ಮನಿಗೆ ಕಡಲೆಕಾಯಿ ತರಲು ಹೇಳಿದರು, ತಂದ ಮೇಲೆ ಇದು ಸರಿಯಾಗಿ ಹುರಿದಿಲ್ಲ ಎಂದು ಇನ್ನೊಮ್ಮೆ ಕಳಿಸಿದರು. ಅವರು ನಗುತ್ತಾ ಮರಳಿನಲ್ಲಿ ಕಾಲೆಳೆಯುತ್ತಾ ಹೋದರು.

ಆಮೇಲೆ ಕಾರು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ತಿಂಗಳುಗಟ್ಟಲೆ ಒಂದು ತಕರಾರಿಲ್ಲ. ಒಂದು ಮಧ್ಯಾಹ್ನ ನನ್ನ ಆಫೀಸಿಗೆ ತಮ್ಮನ ಫೋನು ಬಂತು. ಆರೋಗ್ಯ ವಿಚಾರಿಸಿದರು, ಮೈಸೂರಿನ ಮಳೆ ವಿಚಾರಿಸಿದರು, ಹೇಳಬೇಕಾದ್ದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

"ಕಾರಲ್ಲಿ ಬೇರೇನಾದರೂ ಕೆಟ್ಟಿದೆಯಾ?"

ಹಾರ್ನ್ ಯಾಕೋ ಸರಿಯಿಲ್ಲ ಸಾರ್, ಆದರೆ ಟೀಚರೇ ಕೇಳುತ್ತಾರೆ, ಸ್ವಲ್ಪ ತಡೆಯಿರಿ ಎಂದೆ. ಹಾರ್ನ್ ಚೆನ್ನಾಗಿಯೇ ಇತ್ತು. ಆ ಸಂಜೆ ಮನೆಗೆ ಹೋದವಳೇ ಬಾನೆಟ್ ಎತ್ತಿ ಅದರ ವೈರು ಕಿತ್ತುಹಾಕಿದೆ.