ಗಾಲಿ ನೆಲಕ್ಕೆ ಹತ್ತಬಾರದು

ಇವತ್ತು ಬೆಳಿಗ್ಗೆ ಪಡಸಾಲೆಯ ಕಿಟಕಿ ತೆರೆದರೆ ಕಾಯ್ದ ರಬ್ಬರಿನ ವಾಸನೆ ಇನ್ನೂ ಇತ್ತು. ಬೈಲಹೊಂಗಲದಂಥ ಊರಿನಲ್ಲಿ ಬೆಳಗಿನ ಆರು ಗಂಟೆಗೆ ಮರ್ಯಾದಸ್ಥರ ಮನೆಯಿಂದ ಚಹಾದ ವಾಸನೆ ಬರಬೇಕು, ಇಲ್ಲವೇ ಊದಿನಕಡ್ಡಿಯದು. ನಮ್ಮ ಮನೆಯಿಂದ ಎರಡು ತಿಂಗಳು ಟೈರಿನ ವಾಸನೆ ಬಂತು. ಬಂದವರು ಮೂಗು ಎಳೆದುಕೊಂಡು ಎಲ್ಲೋ ವೈರು ಸುಡುತ್ತಿದೆ ನೋಡಿರಿ ಎನ್ನುತ್ತಿದ್ದರು. ವೈರಲ್ಲ ಸ್ವಾಮಿ, ಡಾಕ್ಟರರ ಅಪ್ಪಣೆಯಂತೆ ನಾನು ನನ್ನ ಮೈಯೊಳಗಿನ ಸಕ್ಕರೆ ಸುಡುತ್ತಿದ್ದೆ.

ದಿನಾ ಅರ್ಧ ತಾಸು ನಡೆಯಿರಿ, ಇಲ್ಲವಾದರೆ ಸೈಕಲ್ ಹೊಡೆಯಿರಿ ಎಂದು ಡಾಕ್ಟರರು ಹೇಳಿದ್ದರು. ನಡೆಯುವುದು ನಿವೃತ್ತ ಹೆಡ್‌ಮಾಸ್ತರನಿಗೆ ಈ ಊರಲ್ಲಿ ಸಾಧ್ಯವಿಲ್ಲದ ಮಾತು. ಹತ್ತು ಹೆಜ್ಜೆಗೊಬ್ಬ ಹಳೆಯ ವಿದ್ಯಾರ್ಥಿ, ಅವನದೊಂದು ಅಂಗಡಿ, ಅಲ್ಲೊಂದು ಚಹಾ. ಬೇಡ ಎಂದರೆ ಅವನಿಗೆ ಬೇಸರ, ಕುಡಿದರೆ ಡಾಕ್ಟರರಿಗೆ. ರಸ್ತೆಯ ಮೇಲೆ ಸೈಕಲ್ ಹೊಡೆಯೋಣವೆಂದರೆ ಕಬ್ಬಿನ ಟ್ರಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ಮೈಮೇಲೆ ಬರುತ್ತವೆ. ಇದನ್ನೆಲ್ಲ ಕೇಳಿ ಹುಬ್ಬಳ್ಳಿಯ ನನ್ನ ಮಗಳು ಒಂದು ಟ್ರೇನರು ಕಳಿಸಿಕೊಟ್ಟಳು. ಅದೊಂದು ಕಬ್ಬಿಣದ ಕಾಲುಗಳ ಚೌಕಟ್ಟು. ಸೈಕಲ್ಲಿನ ಹಿಂದಿನ ಗಾಲಿಯನ್ನು ಎತ್ತಿ ಅದರೊಳಗೆ ಬಿಗಿದರೆ, ಗಾಲಿ ಒಂದು ಉರುಳೆಗೆ ತಿಕ್ಕಿಕೊಂಡು ತಿರುಗುತ್ತದೆ, ಸವಾರ ಬೆವರುತ್ತಾನೆ, ಸೈಕಲ್ಲು ಇದ್ದಲ್ಲೇ ಇರುತ್ತದೆ.

ಅದರ ಜೊತೆ ಬಂದ ಪುಸ್ತಿಕೆಯಲ್ಲಿ ಒಂದು ಉಪದೇಶವಿತ್ತು: ದಿನಾ ಬಿಚ್ಚಿ ಕಟ್ಟುವ ತಾಪತ್ರಯ ಬೇಡವಾದರೆ ಟ್ರೇನರಿಗೆಂದೇ ಒಂದು ಪ್ರತ್ಯೇಕ ಸೈಕಲ್ ಇಟ್ಟುಕೊಳ್ಳಿ. ನಾನಿದನ್ನು ಗಟ್ಟಿಯಾಗಿ ಓದಿದೆ. ನನ್ನಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು.

"ಎಲ್ಲೂ ಹೋಗದ ಕೆಲಸಕ್ಕ ಒಂದ ಬ್ಯಾರೆ ಸೈಕಲ್ಲಾ? ಅಲ್ರೀ, ಹೋಗೂವಂಥಾದ್ದ ಮನ್ಯಾಗ ಒಂದೂ ಇಲ್ಲ!"

ಇತ್ತು. ಮಗಳು ಕಾಲೇಜಿಗೆ ಹೋಗುವಾಗಿನ ಲೇಡೀಸ್ ಸೈಕಲ್ಲು ಕಟ್ಟಿಗೆಯ ಕೋಣೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಸೈಕಲ್ ರಿಪೇರಿಯ ದಾವಲಣ್ಣನನ್ನು ಕರೆಸಿದೆ. ಅವನು ಬಂದು, ಟ್ರೇನರನ್ನು ಒಂದು ಸುತ್ತು ಹಾಕಿ, ಬೀಡಿ ಕಿವಿಗೆ ಸಿಗಿಸಿ ಕೆಲಸಕ್ಕೆ ಕುಂತ. ಮೊದಲು ಕ್ಯಾರಿಯರು ಬಿಚ್ಚಿದ, ಆಮೇಲೆ ಮಡ್‌ಗಾರ್ಡು. ಬೆಲ್ಲಿಗೆ ಕೈ ಹಾಕಿದಾಗ ನಾನು ತಡೆದೆ.

"ಅದ ಇರ್ಲೆಪಾ."

"ಯಾರಿಗೆ ಹೊಡೀತೀರಿ ಸರ್? ಬಾಯಾರಿಗೇನ್ರಿ?" ಎಂದವನು ಒಳಗೆ ನನ್ನಾಕೆಯ ಕಡೆ ನೋಡಿ ದನಿ ತಗ್ಗಿಸಿದ. "ಬ್ರೇಕೂ ತಗೀತೇನ್ರಿ. ನಿಂತದ್ದನ್ನ ಮತ್ತೇನ ನಿಂದರಸ್ತೀರಿ?"

ಗಡ್ಡೆಗಡ್ಡೆಯ ಹಳೆಯ ಟೈರು ಉರುಳೆಯ ಮೇಲೆ ಗಿರಣಿಯಂತೆ ಗದ್ದಲ ಮಾಡಿತೆಂದು ನುಣುಪಾದದ್ದನ್ನು ಹಾಕಿದ. ಹಿಂದೆ ಎತ್ತರವಾಗಿ ಮುಂದೆ ಇಳಿಜಾರಾಯಿತೆಂದು ಮುಂದಿನ ಗಾಲಿಗೆ ಊಟದ ಮಣೆ ಕೊಟ್ಟೆವು. ಅದು ನಮ್ಮ ಮದುವೆಯಲ್ಲಿ ಬಂದ ಮಣೆ ಎಂದು ಒಳಗಿನಿಂದ ಸುದ್ದಿ ಬಂತು. ಬೆವರು ಬಿದ್ದು ಹ್ಯಾಂಡಲ್ಲು ಜಂಗು ಹಿಡಿಯಬಾರದೆಂದು ಟವೆಲ್ಲು, ಎದುರಿಗೆ ಫ್ಯಾನು, ಕಿಲೋಮೀಟರು ತೋರಿಸಲು ಅಂಗೈ ಅಗಲದ ಮೀಟರು. ಇಷ್ಟು ಸಿಂಗಾರ ಆ ಸೈಕಲ್ಲಿಗೆ ಮಗಳ ಕಾಲದಲ್ಲೂ ಆಗಿರಲಿಲ್ಲ.

ಇನ್ನು ಸವಾರಿ. ಗೋಡೆ ನೋಡುತ್ತ ಅರ್ಧ ತಾಸು ತುಳಿಯುವುದು ಎಂಥ ಶಿಕ್ಷೆಯೋ ತುಳಿದವನೇ ಬಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮೀಟರಿನ ಲೆಕ್ಕದಲ್ಲಿ ಊರೂರು ತಿರುಗತೊಡಗಿದೆ. ಒಂದು ವಾರದಲ್ಲಿ ಸವದತ್ತಿ ಮುಟ್ಟಿದೆ. ಮರುದಿನ ಉಗರಗೋಳ. ಸೀಟಿನ ಮೇಲೆ ಕುಂತೇ ದೇವಿಯ ಗುಡ್ಡದ ದಿಕ್ಕಿಗೆ ಕೈ ಮುಗಿದೆ.

"ಎಲ್ಲೀ ತನಕ ಬಂದ್ರಿ?" ಎಂದಳು ನನ್ನಾಕೆ.

"ಉಗರಗೋಳಕ್ಕ ಬಂದೇನಿ."

"ಹಂಗಾರ ಬರೂಮುಂದ ಭಂಡಾರದ ಅರಿಷಿಣ ತರ್ರಿ, ಮನ್ಯಾಗಿಂದು ತೀರೇತಿ."

ಇಂಥ ಚೇಷ್ಟೆಗಳ ನಡುವೆ ಯಾತ್ರೆ ರಾಮದುರ್ಗದ ಕಡೆಗೆ ಹೊರಳಿತು. ಕಟಕೋಳ ಇನ್ನು ಎರಡು ಹರದಾರಿ ಇದೆ ಎನ್ನುವಷ್ಟರಲ್ಲಿ ನನ್ನ ಕಾಲು ನಿಂತವು. ದಣಿವಲ್ಲ. ಅಲ್ಲಿ ನಮ್ಮೂರು. ಅಲ್ಲಿ ನಮ್ಮ ಹಿತ್ತಲು, ಹಿತ್ತಲಲ್ಲಿ ನೀಲಕ್ಕ.

ನೀಲಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಮನೆಯಲ್ಲಿ ಇದ್ದದ್ದು ಅಪ್ಪನದೊಂದೇ ಸೈಕಲ್ಲು, ಕರೀದು, ಕೋಣನಷ್ಟು ಭಾರ. ಸ್ಟ್ಯಾಂಡು ಹಾಕಿದರೆ ಹಿಂದಿನ ಗಾಲಿ ನೆಲ ಬಿಟ್ಟು ಏಳುತ್ತಿತ್ತು. ಸಂಜೆ ಕಸ ಮುಸುರೆ ಮುಗಿಸಿ ಅಕ್ಕ ಅದನ್ನೇರಿ ಗರಗರ ತುಳಿಯುತ್ತಿದ್ದಳು. ಹೆಣ್ಣುಹುಡುಗಿ ಸೈಕಲ್ಲೇರುವುದೆಂದರೆ ಆಗ ನಮ್ಮೂರಲ್ಲಿ ಪಂಚಾಯ್ತಿ ಸೇರುವ ವಿಷಯ. ಆದರೆ ಅಪ್ಪ ತನ್ನದೇ ಒಂದು ಕಾಯ್ದೆ ಮಾಡಿದ್ದ: "ಮನಿಯೊಳಗ ಎಷ್ಟ ಬೇಕಾದ್ರೂ ತುಳೀಲಿ. ಗಾಲಿ ನೆಲಕ್ಕ ಹತ್ತಬಾರದು." ಗಾಲಿ ನೆಲಕ್ಕೆ ಹತ್ತದಿದ್ದರೆ ಅದು ಸೈಕಲ್ ಹೊಡೆದಂತೆ ಅಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. "ಏ ತಮ್ಮಾ, ಹಿಂದ ಕೂಡು, ಕಟಕೋಳಕ್ಕ ಒಯ್ತೇನಿ" ಎಂದು ಅಕ್ಕ ಕರೆದರೆ ನಾನು ಕ್ಯಾರಿಯರಿನ ಮೇಲೆ ಕುಂತು ಹೋಗಿಬರುತ್ತಿದ್ದೆ.

ಕಟಕೋಳವೇ ಏಕೆಂದರೆ ಹೈಸ್ಕೂಲು ಇದ್ದದ್ದು ಅಲ್ಲಿ. ಅಕ್ಕ ಏಳನೆಯ ಇಯತ್ತೆಯಲ್ಲಿ ಸಾಲಿಗೇ ಮೊದಲು ಬಂದಳು. ಅಪ್ಪನಿಗೆ ಓದಿಸಲು ಮನಸ್ಸಿಲ್ಲವೆಂದಲ್ಲ. "ಎರಡ ಹರದಾರಿ ಹೆಂಗ ಹೋಗತೈತಿ ಕೂಸು?" ಎಂಬುದೊಂದೇ ಅವನ ತಕರಾರು. ಅಕ್ಕ ಆ ತಕರಾರಿಗೆ ಉತ್ತರ ತಯಾರು ಮಾಡಿದಳು. ಅಪ್ಪ ಹೊಲಕ್ಕೆ ಹೋದಾಗ ಮಧ್ಯಾಹ್ನದ ಬಿಸಿಲಲ್ಲಿ ಸ್ಟ್ಯಾಂಡು ತೆಗೆದು, ನನ್ನ ಕೈಯಲ್ಲಿ ಹಿಂದೆ ಹಿಡಿಸಿಕೊಂಡು, ಹಳ್ಳದ ದಾರಿಯಲ್ಲಿ ಬಿದ್ದು ಎದ್ದು ಎಂಟೇ ದಿನದಲ್ಲಿ ಕಲಿತಳು. ಸೋಮವಾರ ಸಂತೆಯಿಂದ ಅಪ್ಪ ಬರುವಾಗ ಎದುರಿಗೆ ಸೈಕಲ್ಲಲ್ಲೇ ಹೋಗಿ ಇಳಿಯುವುದು, ನೋಡಪಾ ಹೆಂಗ ಹೋಗತೈತಿ ಕೂಸು ಎನ್ನುವುದು, ಇದು ಅವಳ ಬೇತು. ಅದು ಗೊತ್ತಿದ್ದದ್ದು ನನಗೊಬ್ಬನಿಗೆ.

ರವಿವಾರ ನಾನು ಅಪ್ಪನಿಗೆ ಹೇಳಿಬಿಟ್ಟೆ.

ಯಾಕೆಂದು ಕೇಳುತ್ತೀರಿ. ಸೈಕಲ್ಲು ಅಕ್ಕನ ಜೊತೆ ದಿನಾ ಕಟಕೋಳಕ್ಕೆ ಹೋದರೆ ನನ್ನ ಪಾಳಿ ಎಂದಿಗೆ ಬರಬೇಕು? ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸಾಕಾಗಿದೆ, ಸಿಕ್ಕಿಲ್ಲ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಸೋಮವಾರ ಮುಂಜಾನೆ ಸೈಕಲ್ಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ನನ್ನ ಉಡದಾರಕ್ಕೆ ಕಟ್ಟಿ ಸಂತೆಗೆ ಹೋದ. ನಾನು ಅದನ್ನು ಕುಣಿಸುತ್ತ ಊರೆಲ್ಲ ತಿರುಗಿದೆ. ಮುಂದೆ ಅದೇ ಸೈಕಲ್ಲೇರಿ ನಾನು ಕಟಕೋಳದ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅಕ್ಕ ಸುರೇಬಾನದ ಮನೆಗೆ ಸೊಸೆಯಾಗಿ ಹೋಗಿದ್ದಳು.

ದೇವರಿಗೂ ಹಾಸ್ಯಬುದ್ಧಿ ಇದೆ ನೋಡಿ. ನಾನು ಹೆಡ್‌ಮಾಸ್ತರನಾದ ಮೇಲೆ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸರಕಾರದ ಸೈಕಲ್ಲು ಹಂಚುವ ಭಾಗ್ಯ ನನ್ನ ಪಾಲಿಗೇ ಬಂತು. ಪ್ರತಿವರ್ಷ ಭಾಷಣ ಮಾಡುತ್ತಿದ್ದೆ: ಹೆಣ್ಣುಮಗಳ ಸೈಕಲ್ಲಿನ ಗಾಲಿ ಉರುಳಿದರೆ ನಾಡಿನ ರಥ ಉರುಳುತ್ತದೆ. ಚಪ್ಪಾಳೆ ಬೀಳುತ್ತಿತ್ತು. ಆಗ ಅಕ್ಕನ ನೆನಪಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಆದಾಗ ದನಿ ಇನ್ನಷ್ಟು ಏರಿಸುತ್ತಿದ್ದೆ.

ಹೋದ ತಿಂಗಳು ನೀಲಕ್ಕ ಮೊಣಕಾಲು ತೋರಿಸಲು ಬೈಲಹೊಂಗಲಕ್ಕೆ ಬಂದಳು. ಭಾರ ಹಾಕದೆ ಹಗುರಾಗಿ ಪೆಡಲು ತುಳಿದರೆ ಕೀಲು ಸಡಿಲಾಗುತ್ತದೆ ಎಂದು ಡಾಕ್ಟರರು ಹೇಳಿದರಂತೆ. ನಾನು ಹಿಗ್ಗಿ ಅವಳನ್ನು ಪಡಸಾಲೆಗೆ ಕರೆದು ನನ್ನ ಯಂತ್ರ ತೋರಿಸಿದೆ. ಅವಳು ಗಾಲಿ ನೋಡಿದಳು, ಮಣೆ ನೋಡಿದಳು, ಬಾಯಿಗೆ ಸೆರಗು ಹಚ್ಚಿ ನಕ್ಕಳು.

"ಅಯ್ಯ ಇವನ, ಇದಕ್ಕ ರೊಕ್ಕಾ ಕೊಟ್ಟೀರೇನೋ? ನಮ್ಮ ಹಿತ್ತಲದಾಗ ಪುಕ್ಕಟ ಇತ್ತಲ್ಲೋ!"

ನಿರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ ಏರಿದಳು. ಅರವತ್ತಾರರ ಹೆಂಗಸು, ಹ್ಯಾಂಡಲ್ಲು ಅಲುಗಾಡದಂತೆ ತುಳಿದಳು. ಎಲ್ಲೀ ತನಕ ಬಂದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಾಲ್ಕು ದಿನ ಹೀಗೇ ಹೋಯಿತು. ಐದನೆಯ ದಿನ ಫ್ಯಾನು ತಿರುಗಿಸುವ ನೆಪದಲ್ಲಿ ಅವಳ ಬೆನ್ನ ಹಿಂದೆ ನಿಂತೆ. ಎದುರಿಗೆ ನಿಲ್ಲುವ ಧೈರ್ಯವಿರಲಿಲ್ಲ.

"ಅಕ್ಕಾ, ಅವತ್ತ ಅಪ್ಪಗ ಹೇಳಿದಾಂವ ನಾನ."

ಪೆಡಲು ನಿಲ್ಲಲಿಲ್ಲ. "ಗೊತ್ತೈತಿ," ಅಂದಳು.

"ಯಾವಾಗಿಂದ?"

"ಕೀಲಿಕೈ ನಿನ್ನ ಉಡದಾರದಾಗ ಜೋತಾಡತಿತ್ತಲ್ಲೋ. ನನ್ನ ಕಣ್ಣ ಕುರುಡ ಇದ್ದವೇನು?"

ನಾನು ಕಾದೆ. ಇಷ್ಟು ವರ್ಷದಲ್ಲಿ ಈ ಮಾತುಕತೆಯನ್ನು ಮನಸ್ಸಿನಲ್ಲಿ ಎಷ್ಟೋ ಸಲ ಆಡಿಸಿ ನೋಡಿದ್ದೇನೆ. ಅಕ್ಕ ಕ್ಷಮಿಸುತ್ತಾಳೆ, ನಾನು ಕಣ್ಣೀರು ಹಾಕುತ್ತೇನೆ, ಇಬ್ಬರೂ ಚಹಾ ಕುಡಿಯುತ್ತೇವೆ. ಕಣ್ಣೀರು ತಯಾರೂ ಇತ್ತು.

"ಸಣ್ಣಾಂವ ಇದ್ದಿ, ಬಿಡು ಅಂತ ನಾ ಅಂತೇನಿ ಅಂತ ನಿಂತೀಯೇನ?" ಅಕ್ಕ ಹಿಂದೆ ತಿರುಗಿ ನೋಡದೆಯೇ ಕೇಳಿದಳು. "ಅನ್ನಾಂಗಿಲ್ಲ. ನಾನೂ ಸಣ್ಣಾಕೀನ ಇದ್ದೆ."

ತಯಾರಿದ್ದ ಕಣ್ಣೀರು ಎಲ್ಲಿ ಹೋಯಿತೋ. ಬಂದದ್ದು ನಾಚಿಕೆ, ಅದೂ ಹತ್ತು ವರ್ಷದ ಹುಡುಗನದಲ್ಲ, ಈ ನರೆಗೂದಲಿನವನದು. ಅವಳು ನಿಧಾನಕ್ಕೆ ಇಳಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಮನಿಯೊಳಗ ಐವತ್ತ ವರ್ಷ ತುಳದೇನಿ. ಸಾಕಾತು. ಇದನ್ನ ಬಿಚ್ಚು."

ಪಾನಾ ತಂದು ಬಿಚ್ಚಿದೆ. ದಾವಲಣ್ಣ ಬಂದು ಬ್ರೇಕು ಮತ್ತೆ ಜೋಡಿಸಿದ. ಮರುದಿನ ನಸುಕಿನಲ್ಲಿ ಸಾಲಿಯ ಬಯಲಿನಲ್ಲಿ ಅಕ್ಕ ಸೈಕಲ್ಲೇರಿದಳು. ಎರಡು ಸಲ ಕಾಲು ಊರಿದಳು. ನನ್ನಾಕೆ "ನೀಲಕ್ಕಾರ, ಜ್ವಾಕ್ಯಾಗ್ರಿ" ಎಂದು ಕೂಗುತ್ತಲೇ ಇದ್ದಳು. ಮೂರನೆಯ ಸಲ ಬಯಲಿನ ಆ ತುದಿಗೆ ಹೋಗಿ, ಸುತ್ತು ಹಾಕಿ, ನಮ್ಮನ್ನು ದಾಟಿಕೊಂಡು ಹೋದಳು. ನಿಲ್ಲಲಿಲ್ಲ.

ಊರಿಗೆ ಹೊರಟ ದಿನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಎಂದಳು. ಅದು ಕೇಳಿದ್ದಲ್ಲ, ಹೇಳಿದ್ದು. ಹಾಕಿಸಿದೆ. ಆದರೂ ಈ ಪ್ರಾಣಿಯ ಸ್ವಭಾವ ಎಲ್ಲಿಗೆ ಹೋಗಬೇಕು? ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಹೋಗಿ ಕೇಳಿಯೇಬಿಟ್ಟೆ:

"ಮತ್ತ ನನ್ನ ಸಕ್ಕರಿ ಹೆಂಗ ಅಕ್ಕಾ?"

"ನಡಕೋತ ಹೋಗು ತಮ್ಮಾ," ಅಂದಳು ನೀಲಕ್ಕ. "ನಾ ಎಲ್ಲಿಗೆ ಹೋದ್ರೂ ನಡಕೋತನ ಹೋಗೇನಿ. ಮೊಣಕಾಲ ಹೋದುವು, ಸಕ್ಕರಿ ಬರಲಿಲ್ಲ."